ಸುನೀತಗಳಲ್ಲಿ ಅನಿತ್ಯಭಾವನೆ: ಬಳ್ಳಾರಿಯ ನೆಲದಲ್ಲಿ ನಿಂತು ಒಂದು ಸಮೀಕ್ಷೆ

ಹುಟ್ಟಿದುದೆಲ್ಲವೂ ಅಳಿಯತಕ್ಕದ್ದೆಂಬ ಮಾತು ಯಾವ ನಾಡಿನ ಕವಿಗೂ ಹೊಸದಲ್ಲ. ಆದರೆ ಈ ಅತಿ ಹಳೆಯ ಮಾತನ್ನು ಅತಿ ಕಿರಿದಾದ ಒಂದು ಕಟ್ಟಿನೊಳಗಿರಿಸಿ, ಶತಮಾನದಿಂದ ಶತಮಾನಕ್ಕೆ, ಭಾಷೆಯಿಂದ ಭಾಷೆಗೆ ಕೊಂಡೊಯ್ದ ಪದ್ಯಪ್ರಕಾರವೆಂದರೆ ಯುರೋಪಿನ ಸಾನೆಟ್ಟು, ಕನ್ನಡಕ್ಕೆ ಬಂದಮೇಲೆ ಸುನೀತವೆಂಬ ಹೆಸರನ್ನು ಪಡೆದ ಹದಿನಾಲ್ಕು ಪಂಕ್ತಿಗಳ ಕವನ. ಪ್ರೇಮವೇ ಅದರ ಮುಖ್ಯ ವಸ್ತುವೆಂದು ಸಾಮಾನ್ಯವಾಗಿ ಹೇಳುವುದುಂಟು. ಆ ಪ್ರೇಮದ ಬೆನ್ನಿಗೇ ಕಾಲವೂ ನಿಂತಿರುತ್ತದೆ. ಚೆಲುವನ್ನು ಹೊಗಳಲು ಹೊರಟ ಕವಿ, ಆ ಚೆಲುವು ನಿಲ್ಲದೆಂಬುದನ್ನು ನೆನೆಯದೆ ಮುಂದುವರಿದ ಸಂದರ್ಭಗಳು ವಿರಳ. ಹೀಗಿರಲು, ಅನಿತ್ಯತೆಗೆ ಮುಖಾಮುಖಿಯಾದ ಸುನೀತಕಾರರು ಅದಕ್ಕೆ ಯಾವ ಯಾವ ಉತ್ತರಗಳನ್ನು ಕೊಟ್ಟರು, ಆ ಉತ್ತರಗಳಲ್ಲಿ ಯಾವುದು ವಿಚಾರಕ್ಕೆ ನಿಲ್ಲುತ್ತದೆ, ಕನ್ನಡದ ಓದುಗನು ತನ್ನ ಪರಂಪರೆಯನ್ನು ಮರೆಯದೆ ಅವನ್ನು ಹೇಗೆ ಓದಬೇಕು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಈ ಪರಿಶೀಲನೆಗೆ ಬಳ್ಳಾರಿಯ ಸೀಮೆಯನ್ನು ಒರೆಗಲ್ಲಾಗಿ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ಬಳ್ಳಾರಿ ನಗರದ ನಡುವೆ ಬೋಳುಬಂಡೆಯ ಗುಡ್ಡದ ಮೇಲೆ, ಆಳಿದವರೆಲ್ಲರೂ ಬಿಟ್ಟುಹೋದ ಕೋಟೆಯೊಂದು ನಿಂತಿದೆ. ಅದರ ವಾಯವ್ಯಕ್ಕೆ, ಬಲ್ಲಕುಂದೆ ನಾಡನ್ನು ಆಳಿದ ಸಿಂದರ ರಾಜಧಾನಿಯಾಗಿದ್ದ ಕುರುಗೋಡು ತನ್ನ ಶಿಲಾಲಯಗಳೊಡನೆ, ಶಾಸನಗಳೊಡನೆ ಇದೆ. ಉತ್ತರಕ್ಕೆ, ತುಂಗಭದ್ರೆಯ ದಡದಲ್ಲಿ ಸಿರುಗುಪ್ಪವಿದೆ. ರಾಜ್ಯ, ದೇವಾಲಯ, ನದಿ ಈ ಮೂರೂ ಯುರೋಪಿನ ಸುನೀತಕಾರರು ಅನಿತ್ಯತೆಯನ್ನು ಕುರಿತು ಚಿಂತಿಸುವಾಗ ಕಣ್ಣಮುಂದಿಟ್ಟುಕೊಂಡ ವಸ್ತುಗಳೇ ಆಗಿವೆ. ಅವರು ರೋಮಿನಲ್ಲಿಯೂ ಈಜಿಪ್ಟಿನಲ್ಲಿಯೂ ಅರಸಿದುದು ಇಲ್ಲಿ ಒಂದೇ ಜಿಲ್ಲೆಯ ಎಲ್ಲೆಯೊಳಗೆ ದೊರೆಯುತ್ತದೆ.

ಸುನೀತದ ಹುಟ್ಟು 13ನೆಯ ಶತಮಾನದ ಮೊದಲರ್ಧದಲ್ಲಿ, ಸಿಸಿಲಿಯ ಎರಡನೆಯ ಫ್ರೆಡರಿಕ್ ಚಕ್ರವರ್ತಿಯ ಆಸ್ಥಾನದಲ್ಲಿ ಆಯಿತು. ಅದರ ಪ್ರವರ್ತಕನೆಂದು ಗಣಿಸಲ್ಪಡುವ ಜಾಕೊಮೊ ದ ಲೆಂತೀನಿ ವೃತ್ತಿಯಿಂದ ದಸ್ತಾವೇಜುಗಳನ್ನು ಬರೆಯುವ ರಾಜಾಧಿಕಾರಿಯಾಗಿದ್ದನು. ಸುನೀತದ ರಚನೆಯಲ್ಲಿ ವಾದವೊಂದನ್ನು ಮಂಡಿಸಿ ನಿರ್ಣಯಕ್ಕೆ ಬರುವ ಕ್ರಮವಿರುವುದಕ್ಕೆ ಆ ವೃತ್ತಿಯ ಸಂಸ್ಕಾರವೂ ಒಂದಿಷ್ಟು ಕಾರಣವಾಗಿರಬಹುದು. ಇಟಲಿಯ ಮಾದರಿಯಲ್ಲಿ ಮೊದಲ ಎಂಟು ಪಂಕ್ತಿಗಳು ವಿಷಯವನ್ನು ನಿರೂಪಿಸುತ್ತವೆ. ಒಂಬತ್ತನೆಯದರಲ್ಲಿ ಭಾವವು ತಿರುಗುತ್ತದೆ. ಉಳಿದ ಆರು ಪಂಕ್ತಿಗಳು ಸಮಾಧಾನವನ್ನೋ ಪ್ರತಿವಾದವನ್ನೋ ಮುಂದಿಡುತ್ತವೆ. ಇಂಗ್ಲೆಂಡಿನಲ್ಲಿ ಇದು ಮೂರು ಚೌಪದಿಗಳೂ ಕೊನೆಗೊಂದು ದ್ವಿಪದಿಯೂ ಆಗಿ ಮಾರ್ಪಟ್ಟು, ತಿರುವು ಬಹುಮಟ್ಟಿಗೆ ಕೊನೆಯ ಎರಡು ಪಂಕ್ತಿಗಳಿಗೆ ಸರಿಯಿತು. ಈ ವ್ಯತ್ಯಾಸ ಛಂದಸ್ಸಿನ ಸೂಕ್ಷ್ಮ ಮಾತ್ರವೆಂದು ಎಣಿಸಲಾಗದು. ಅಳಿವನ್ನು ಕಂಡ ಮನಸ್ಸಿಗೆ ಇಟಲಿಯ ಮಾದರಿ ಚೇತರಿಸಿಕೊಳ್ಳಲು ಆರು ಪಂಕ್ತಿಗಳ ಅವಕಾಶವನ್ನು ಕೊಟ್ಟರೆ, ಇಂಗ್ಲಿಷ್ ಮಾದರಿ ಹನ್ನೆರಡು ಪಂಕ್ತಿಗಳಷ್ಟು ದೂರ ಅಳಿವಿನೊಡನೆ ನಡೆಯಿಸಿ, ಎರಡೇ ಪಂಕ್ತಿಗಳಲ್ಲಿ ಉತ್ತರವನ್ನು ಬೇಡುತ್ತದೆ.

ಈ ಪ್ರಕಾರಕ್ಕೆ ಘನತೆಯನ್ನು ತಂದುಕೊಟ್ಟವನು ಪೆಟ್ರಾರ್ಕ್. ಅವನು ಲಾರಾ ಎಂಬುವಳನ್ನು ಅವಿನ್ಯೋನ್ ನಗರದ ಇಗರ್ಜಿಯೊಂದರಲ್ಲಿ ಮೊದಲು ಕಂಡದ್ದು 1327ರ ಏಪ್ರಿಲ್ 6ರಂದು. ಮಹಾಮಾರಿಯ ವರ್ಷವಾದ 1348ರಲ್ಲಿ, ಅದೇ ತಿಂಗಳ ಅದೇ ದಿನ, ಆಕೆ ತೀರಿಕೊಂಡಳೆಂದು ಅವನೇ ತನ್ನ ವರ್ಜಿಲನ ಹಸ್ತಪ್ರತಿಯಲ್ಲಿ ಬರೆದಿಟ್ಟುಕೊಂಡಿದ್ದಾನೆ. ಅವನ ಕವನಮಾಲೆಯಲ್ಲಿರುವ 366 ಪದ್ಯಗಳಲ್ಲಿ 317 ಸುನೀತಗಳು. ಆಕೆಯ ಜೀವಿತಕಾಲದವು, ಮರಣಾನಂತರದವು ಎಂದು ಅವನ್ನು ಎರಡು ಭಾಗವಾಗಿ ಓದುವುದು ರೂಢಿ. ಮೊದಲ ಭಾಗದಲ್ಲಿ ದೂರವಿದ್ದ ಪ್ರೇಯಸಿ ಎರಡನೆಯ ಭಾಗದಲ್ಲಿ ಇಲ್ಲವಾಗುತ್ತಾಳೆ. ಆದರೆ ಕವಿಯ ಮಾತಿನಲ್ಲಿ ಆಕೆ ಇನ್ನಷ್ಟು ಸಮೀಪಕ್ಕೆ ಬರುತ್ತಾಳೆ. ಅಳಿದವರನ್ನು ನೆನಪು ಉಳಿಸಿಕೊಳ್ಳುತ್ತದೆ, ಆದರೆ ಆ ನೆನಪೇ ಆತ್ಮಕ್ಕೆ ಬಂಧನವೂ ಆಗಬಹುದು ಎಂಬ ಶಂಕೆಯನ್ನು ಪೆಟ್ರಾರ್ಕ್ ಕೊನೆಯವರೆಗೂ ಬಿಡಲಿಲ್ಲ. ಮಾಲೆಯನ್ನು ಅವನು ಮುಗಿಸಿದುದು ಲಾರಾಳನ್ನು ಕುರಿತ ಪದ್ಯದಿಂದಲ್ಲ, ಕನ್ಯಾಮೇರಿಯ ಪ್ರಾರ್ಥನೆಯಿಂದ. ಅನಿತ್ಯತೆಗೆ ಸುನೀತವು ಕೊಟ್ಟ ಮೊದಲ ದೊಡ್ಡ ಉತ್ತರವಾದ ಸ್ಮರಣೆಯು ಹೀಗೆ ತನ್ನನ್ನು ತಾನೇ ಪೂರ್ತಿಯಾಗಿ ನಂಬಲಿಲ್ಲ.

ಎರಡನೆಯ ಉತ್ತರ ಭೋಗದ್ದು: ಕಾಲ ನಿಲ್ಲದಾದ್ದರಿಂದ ಇರುವಾಗಲೇ ಸುಖಿಸಬೇಕೆಂಬುದು. ಫ್ರಾನ್ಸಿನ ರೋನ್ಸಾರ್ 1578ರಲ್ಲಿ ಎಲೆನ್ ಎಂಬಾಕೆಯನ್ನು ಕುರಿತು ಪ್ರಕಟಿಸಿದ ಸುನೀತಗಳಲ್ಲೊಂದರಲ್ಲಿ, ಮುಪ್ಪಿನಲ್ಲಿ ದೀಪದ ಬಳಿ ನೂಲುತ್ತ ಕುಳಿತು ಹಿಂದಿನದನ್ನು ನೆನೆಯುವ ಆಕೆಯನ್ನು ಮೊದಲು ಚಿತ್ರಿಸಿ, ಆ ಬೆದರಿಕೆಯ ಬಲದಿಂದ ಇಂದಿನ ಒಲವನ್ನು ಯಾಚಿಸುತ್ತಾನೆ. ಸ್ಪೇನಿನ ಗೊಂಗೊರಾ 1582ರ ತನ್ನ ಪ್ರಸಿದ್ಧ ಸುನೀತದಲ್ಲಿ ಇದೇ ವಾದವನ್ನು ಹಿಡಿದರೂ ಅದನ್ನು ಮುಗಿಸುವ ಬಗೆ ಬೇರೆ: ಹೊನ್ನು, ನೈದಿಲೆ, ಸ್ಫಟಿಕಗಳನ್ನು ಮೀರಿಸುವ ಚೆಲುವೆಯನ್ನು ಹೊಗಳುತ್ತ ಹೊರಟ ಪದ್ಯ ಕಡೆಯ ಪಂಕ್ತಿಯಲ್ಲಿ ಐದು ಮೆಟ್ಟಿಲುಗಳನ್ನು ಇಳಿದು ಶೂನ್ಯವನ್ನು ಮುಟ್ಟುತ್ತದೆ. ಸುಖಿಸೆಂದು ಹೇಳಲು ಬಂದವನು ಸುಖಿಸುವ ಮನಸ್ಸನ್ನೇ ನಡುಗಿಸಿ ಹೋಗುತ್ತಾನೆ. ಭೋಗದ ಉತ್ತರದ ದೌರ್ಬಲ್ಯ ಇಲ್ಲಿಯೇ ಪ್ರಕಟವಾಗುತ್ತದೆ: ಅದು ಅನಿತ್ಯತೆಯನ್ನು ವಾದದ ಸಾಧನವಾಗಿ ಬಳಸಿಕೊಳ್ಳುತ್ತದೆ, ಆದರೆ ಸಾಧನವು ವಾದವನ್ನೇ ನುಂಗುವಷ್ಟು ಬಲಶಾಲಿಯಾಗಿರುತ್ತದೆ.

ಮೂರನೆಯ ಉತ್ತರ ಕಾವ್ಯದ ಅಮರತ್ವದ್ದು. ಅದಕ್ಕೆ ಷೇಕ್ಸ್‌ಪಿಯರನೇ ಮುಖ್ಯ ಪ್ರತಿನಿಧಿ. 1609ರಲ್ಲಿ ಥಾಮಸ್ ಥಾರ್ಪ್ ಎಂಬ ಪ್ರಕಾಶಕನು ಹೊರತಂದ ಅವನ 154 ಸುನೀತಗಳಲ್ಲಿ ಮೊದಲ ಹದಿನೇಳು, ಸುಂದರನಾದ ತರುಣನೊಬ್ಬನಿಗೆ ಮದುವೆಯಾಗಿ ಸಂತಾನವನ್ನು ಪಡೆಯೆಂದು ಉಪದೇಶಿಸುತ್ತವೆ. ಚೆಲುವು ಮಕ್ಕಳಲ್ಲಿ ಉಳಿಯುವುದೆಂಬುದು ಅವುಗಳ ವಾದ. ಹದಿನೆಂಟನೆಯದರಲ್ಲಿ ಕವಿ ಸಂತಾನದ ಮಾತನ್ನು ಕೈಬಿಟ್ಟು, ಪದ್ಯವೇ ನಿನ್ನನ್ನು ಉಳಿಸುವುದೆಂದು ಹೇಳತೊಡಗುತ್ತಾನೆ; ಐವತ್ತೈದನೆಯದರಲ್ಲಿ ಅಮೃತಶಿಲೆಯ ಸ್ಮಾರಕಗಳಿಗಿಂತಲೂ ಈ ಪ್ರಾಸಬದ್ಧ ನುಡಿಗೆ ಆಯುಸ್ಸು ಹೆಚ್ಚೆಂದು ಸಾರುತ್ತಾನೆ. ಇದರ ಮೂಲ ಲ್ಯಾಟಿನಿನ ಹೊರೇಸ್ ಮತ್ತು ಓವಿಡರಲ್ಲಿದೆಯೆಂಬುದು ವಿದಿತವೇ.

ಆದರೆ ಷೇಕ್ಸ್‌ಪಿಯರನನ್ನು ಈ ಹೆಮ್ಮೆಯ ಮಾತುಗಳಿಂದಲೇ ಅಳೆಯುವವರು ಅವನನ್ನು ಅರ್ಧ ಓದಿದಂತಾಯಿತು. ಹನ್ನೆರಡನೆಯ ಸುನೀತ ಗಡಿಯಾರದ ಗಂಟೆಯಿಂದ ತೊಡಗುತ್ತದೆ, ಅರುವತ್ತನೆಯದು ನಿಮಿಷಗಳ ಓಟವನ್ನು ಹೇಳುತ್ತದೆ. ಸಂಖ್ಯೆಗಳೇ ಕಾಲದ ಎಣಿಕೆಯಲ್ಲಿ ಸೇರಿಕೊಂಡಿವೆ. ಅರುವತ್ತನಾಲ್ಕನೆಯದರಲ್ಲಿ ಉರುಳಿದ ಗೋಪುರಗಳನ್ನೂ, ನೆಲವನ್ನು ಕಬಳಿಸುವ ಕಡಲನ್ನೂ, ಕಡಲನ್ನು ಹಿಂದಕ್ಕೊತ್ತುವ ನೆಲವನ್ನೂ ಕಂಡ ಕವಿಗೆ, ಕೊನೆಯ ಎರಡು ಪಂಕ್ತಿಗಳಲ್ಲಿ ಹೇಳಲು ಯಾವ ಸಮಾಧಾನವೂ ದೊರೆಯುವುದಿಲ್ಲ. ಕಳೆದುಕೊಳ್ಳುವೆನೆಂಬ ಅಳಲೊಂದೇ ಅಲ್ಲಿ ಉಳಿಯುತ್ತದೆ. ಎಪ್ಪತ್ತಮೂರನೆಯದರಲ್ಲಿ ಕವಿ ತನ್ನ ಮುಪ್ಪನ್ನು ಮೊದಲು ಋತುವಿಗೆ, ಅನಂತರ ಒಂದು ಸಂಜೆಗೆ, ಆಮೇಲೆ ಆರುತ್ತಿರುವ ಕೆಂಡಕ್ಕೆ ಹೋಲಿಸುತ್ತಾನೆ. ಪ್ರತಿಯೊಂದು ಚೌಪದಿಯಲ್ಲೂ ಕಾಲದ ಅಳತೆ ಕಿರಿದಾಗುತ್ತ, ಓದುಗನಿಗೆ ತಿಳಿಯದಂತೆಯೇ ಅವಸಾನ ಸಮೀಪಿಸುತ್ತದೆ. ಇನ್ನು ನೂರಿಪ್ಪತ್ತಾರನೆಯದು ಎಲ್ಲಕ್ಕಿಂತ ವಿಚಿತ್ರವಾದುದು: ತರುಣನನ್ನು ಉದ್ದೇಶಿಸಿದ ಪದ್ಯಗಳಲ್ಲಿ ಕಡೆಯದಾದ ಅದರಲ್ಲಿ ಹನ್ನೆರಡೇ ಪಂಕ್ತಿಗಳಿವೆ, ಪ್ರಕೃತಿಯು ತನ್ನ ಲೆಕ್ಕವನ್ನು ಕಾಲಕ್ಕೆ ಒಪ್ಪಿಸಲೇಬೇಕೆಂಬಲ್ಲಿಗೆ ಪದ್ಯ ನಿಲ್ಲುತ್ತದೆ, ಉಳಿದೆರಡು ಪಂಕ್ತಿಗಳ ಎಡೆಯಲ್ಲಿ 1609ರ ಮುದ್ರಣವು ಬರಿದಾದ ಆವರಣಚಿಹ್ನೆಗಳನ್ನು ಹಾಕಿದೆ. ಅದು ಕವಿಯ ಇಚ್ಛೆಯೋ ಅಚ್ಚುಕೂಟದ ಕೆಲಸವೋ, ಉತ್ತರ ಬರಬೇಕಾದ ಸ್ಥಾನ ಮಾತ್ರ ತೆರವಾಗಿದೆ.

ಕಾವ್ಯದ ಅಮರತ್ವದ ವಾದವನ್ನು ವಿಚಾರಿಸುವಾಗ ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಎಂದೆಂದಿಗೂ ಉಳಿಸುವೆನೆಂದು ಕವಿ ಮಾತುಕೊಟ್ಟ ಆ ತರುಣನ ಹೆಸರನ್ನು 154 ಪದ್ಯಗಳಲ್ಲಿ ಒಂದೂ ಹೇಳುವುದಿಲ್ಲ. ವಿದ್ವಾಂಸರು ಅವನಾರೆಂದು ಇಂದಿಗೂ ವಾದಿಸುತ್ತಿದ್ದಾರೆ. ಉಳಿದುದು ಕವಿಯ ಮಾತು, ಉಳಿಯಬೇಕಾಗಿದ್ದವನು ಉಳಿಯಲಿಲ್ಲ. ಸ್ಪೆನ್ಸರನ 1595ರ ಸುನೀತಮಾಲೆಯ ಎಪ್ಪತ್ತೈದನೆಯ ಪದ್ಯದಲ್ಲಿ ಕವಿ ಪ್ರೇಯಸಿಯ ಹೆಸರನ್ನು ಕಡಲತೀರದ ಮರಳಿನಲ್ಲಿ ಬರೆಯುತ್ತಾನೆ, ಅಲೆ ಅಳಿಸುತ್ತದೆ. ಈ ಪ್ರಯತ್ನ ವ್ಯರ್ಥವೆಂದು ಆಕೆಯೇ ಹೇಳುತ್ತಾಳೆ. ಕವಿ ಅದಕ್ಕೆ ಪದ್ಯದ ಅಮರತ್ವವನ್ನು ಉತ್ತರವಾಗಿ ಮುಂದಿಟ್ಟರೂ ವಿವೇಕದ ಮಾತು ಆಕೆಯದೇ ಎನ್ನಿಸುತ್ತದೆ. ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಸೇರುವ ಹಗರಿಯ ಮರಳು, ಗಾಳಿಗೆ ಎದ್ದು ದಡದ ಹೊಲಗಳ ಮೇಲೆ ದಿಬ್ಬಗಳಾಗಿ ಕೂಡುವುದನ್ನು ಬಲ್ಲ ರೈತರಿಗೆ ಆಕೆಯ ವಾದವನ್ನು ವಿವರಿಸಬೇಕಾಗಿಲ್ಲ.

ಕುರುಗೋಡಿನ 12ನೆಯ ಶತಮಾನದ ಶಾಸನಗಳನ್ನು ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ನಾಗವಂಶದವರೆಂದು ಹೇಳಿಕೊಳ್ಳುತ್ತಿದ್ದ ಸಿಂದರು ಇಲ್ಲಿಂದ ಬಲ್ಲಕುಂದೆ ನಾಡನ್ನು ಆಳಿದರು. ಆ ಕಾಲದ ಕನ್ನಡ ಶಾಸನದಲ್ಲಿ ಮೊದಲು ದೇವತಾಸ್ತುತಿ, ಬಳಿಕ ಕಂದ ವೃತ್ತಗಳಲ್ಲಿ ಅರಸನ ವಂಶದ ಪ್ರಶಂಸೆ, ಅನಂತರ ದೇವಾಲಯಕ್ಕೆ ಬಿಟ್ಟ ಭೂಮಿಯ ವಿವರ, ಕೊನೆಯಲ್ಲಿ ಈ ಧರ್ಮವು ಆಚಂದ್ರಾರ್ಕವಾಗಿ ನಡೆಯಲೆಂಬ ಹಾರೈಕೆ, ಕೆಡಿಸಿದವರಿಗೆ ಶಾಪ ಇವು ಕ್ರಮವಾಗಿ ಬರುತ್ತವೆ. ಸೂರ್ಯಚಂದ್ರರಿರುವತನಕ ಎಂಬ ಈ ಮಾತು ಷೇಕ್ಸ್‌ಪಿಯರನ ವಾಗ್ದಾನಕ್ಕಿಂತ ಕಡಮೆಯದೇನೂ ಅಲ್ಲ. ಆದರೆ ಶಾಸನಕವಿ ಚಿರಕಾಲ ನಡೆಯಲೆಂದು ಕೋರಿದುದು ದಾನವನ್ನು. ಹೊಲದ ಎಲ್ಲೆ, ನಂದಾದೀಪದ ಎಣ್ಣೆ, ಪೂಜೆಯ ವೆಚ್ಚ ಇಂಥ ನಿತ್ಯವ್ಯವಹಾರದ ಸಂಗತಿಗಳಿಗಾಗಿಯೇ ಅವನು ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆದನು. ಅರಸನ ಶೌರ್ಯವನ್ನು ಹೇಳುವ ಪದ್ಯಗಳು ಇಂದು ಇತಿಹಾಸಕಾರರಿಗಷ್ಟೇ ಬೇಕಾಗಿವೆ. ದೊಡ್ಡಬಸಪ್ಪನ ಗುಡಿಯ ಬೃಹದಾಕಾರದ ಏಕಶಿಲಾ ನಂದಿಗೆ ಇಂದಿಗೂ ಪೂಜೆ ನಡೆಯುತ್ತಿದೆ. ತನಗೆಂದು ಇಟ್ಟುಕೊಂಡುದಕ್ಕಿಂತ ಬಿಟ್ಟುಕೊಟ್ಟುದು ಹೆಚ್ಚು ಕಾಲ ಬಾಳಿತು ಎಂಬ ಪಾಠವನ್ನು ಕುರುಗೋಡು ಹೇಳುತ್ತದೆ; ಅಮರತ್ವವನ್ನು ಕುರಿತ ಯುರೋಪಿನ ಸುನೀತಗಳಲ್ಲಿ ಈ ಮಾತು ಬರುವುದು ಅಪರೂಪ.

ಇನ್ನು ನಾಲ್ಕನೆಯದಾಗಿ, ಅಳಿದುಳಿದ ಅವಶೇಷಗಳ ಮುಂದೆ ನಿಂತು ಅಧಿಕಾರದ ನಶ್ವರತೆಯನ್ನು ಹೇಳುವ ಸುನೀತಗಳನ್ನು ನೋಡಬೇಕು. ಫ್ರಾನ್ಸಿನ ದ್ಯು ಬೆಲ್ಲೆ 1553ರಲ್ಲಿ ತನ್ನ ಬಂಧುವಾದ ಕಾರ್ಡಿನಲ್ ಒಬ್ಬನ ಕಾರ್ಯದರ್ಶಿಯಾಗಿ ರೋಮಿಗೆ ಹೋಗಿ, 1558ರಲ್ಲಿ ಆ ನಗರದ ಪ್ರಾಚೀನಾವಶೇಷಗಳನ್ನು ಕುರಿತ 32 ಸುನೀತಗಳನ್ನು ಪ್ರಕಟಿಸಿದನು. ಅವುಗಳಲ್ಲೊಂದರ ಭಾವವಿದು: ರೋಮನ್ನು ನೋಡಲು ಬಂದವನಿಗೆ ರೋಮಿನಲ್ಲಿ ರೋಮು ಕಾಣುವುದಿಲ್ಲ, ಗಟ್ಟಿಯಾಗಿ ನಿಂತುದನ್ನು ಕಾಲ ಕೆಡವಿದೆ, ಓಡುತ್ತಿರುವ ಟೈಬರ್ ನದಿಯೊಂದೇ ಕಾಲವನ್ನು ಎದುರಿಸಿ ಉಳಿದಿದೆ. ಲ್ಯಾಟಿನ್ ಪದ್ಯವೊಂದರಿಂದ ಎತ್ತಿಕೊಂಡ ಈ ಭಾವವನ್ನು ಸ್ಪೆನ್ಸರ್ 1591ರಲ್ಲಿ ಇಂಗ್ಲಿಷಿಗೆ ತಂದನು, ಕೆವೇದೊ ಸ್ಪೇನಿನ ನುಡಿಯಲ್ಲಿ ಮತ್ತೆ ಹಾಡಿದನು. ಈ ಮೂವರಿಗೂ ಇದೊಂದು ವಿಪರ್ಯಾಸ; ಜಗತ್ತು ತಲೆಕೆಳಗಾಯಿತೆಂಬ ನಿಟ್ಟುಸಿರು.

ಇದೇ ವಿಚಾರವು ಕನ್ನಡದಲ್ಲಿ, ಅವರಿಗಿಂತ ನಾಲ್ಕು ಶತಮಾನಗಳಷ್ಟು ಹಿಂದೆಯೇ, ಬೇರೊಂದು ಧ್ವನಿಯಲ್ಲಿ ಹೊರಟಿತ್ತೆಂಬುದನ್ನು ನಮ್ಮ ವಿಮರ್ಶಕರು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ. ಕುರುಗೋಡಿನ ಕಲ್ಲುಗುಡಿಗಳು ಎದ್ದುನಿಂತ 12ನೆಯ ಶತಮಾನದಲ್ಲಿಯೇ ಕಲ್ಯಾಣದ ಬಸವಣ್ಣನವರು, ಉಳ್ಳವರು ಕಟ್ಟಿಸುವ ಶಿವಾಲಯಕ್ಕೂ ತಮ್ಮ ದೇಹಕ್ಕೂ ಸಾಮ್ಯವನ್ನು ಕಲ್ಪಿಸಿ, ಸ್ಥಿರವೆಂದು ನಿಲ್ಲಿಸಿದುದು ಹಾಳಾಗುವುದೆಂದೂ ಸಂಚರಿಸುವ ಚೈತನ್ಯಕ್ಕೆ ಆ ಭಯವಿಲ್ಲವೆಂದೂ ವಚನದಲ್ಲಿ ಸಾರಿದ್ದರು. ಟೈಬರಿನ ದಡದ ಕವಿಗಳಿಗೆ ದುಃಖವಾಗಿ ತೋರಿದ ಸತ್ಯವೇ ಇಲ್ಲಿ ಬಿಡುಗಡೆಯಾಗಿ ತೋರಿತು. ಇದ್ದುದನ್ನು ಕಳೆದುಕೊಂಡವರ ಕಣ್ಣಿಗೆ ಅನಿತ್ಯತೆ ಶೋಕ. ಕಟ್ಟಿಸುವ ಶಕ್ತಿಯೇ ಇಲ್ಲದ ಬಡವರ ಪಕ್ಷದಲ್ಲಿ ನಿಂತವರ ಕಣ್ಣಿಗೆ ಅದೇ ಅನಿತ್ಯತೆ ಅಭಯ. ಇದು ಭಾವದ ಭೇದ ಮಾತ್ರವಲ್ಲ, ಸಮಾಜದಲ್ಲಿ ಕವಿ ನಿಂತ ನೆಲೆಯ ಭೇದ.

ಆದರೂ ನದಿಯು ಉಳಿಯಿತೆಂದು ನೆಚ್ಚುವುದಕ್ಕೂ ಮಿತಿಯಿದೆ. ತುಂಗಭದ್ರೆಯ ದಂಡೆಯಲ್ಲಿ ವಿಜಯನಗರವು 1565ರ ಯುದ್ಧದ ಬಳಿಕ ಹಾಳಾಯಿತು, ನದಿ ಹರಿಯಿತು. ಇಲ್ಲಿಯವರೆಗೆ ದ್ಯು ಬೆಲ್ಲೆಯ ಮಾತು ಸರಿಹೊಂದುತ್ತದೆ. ಆದರೆ 1945ರಲ್ಲಿ ಕೆಲಸವನ್ನು ತೊಡಗಿ 1953ರಲ್ಲಿ ಮುಗಿಸಿದ ಅಣೆಕಟ್ಟು ಹೊಸಪೇಟೆಯ ಬಳಿ ಆ ಓಡುವ ನೀರನ್ನೇ ನಿಲ್ಲಿಸಿತು. ನಾರಾಯಣದೇವರಕೆರೆಯಂಥ ಊರುಗಳು ಜಲಾಶಯದಲ್ಲಿ ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. 1876ರಿಂದ ಮೊದಲಾದ ಧಾತು ಈಶ್ವರ ಕ್ಷಾಮದಲ್ಲಿ ತತ್ತರಿಸಿದ ಸೀಮೆಯಲ್ಲಿ ಕಾಲುವೆಯ ನೀರು ಹರಿದು, ಸಿರುಗುಪ್ಪದ ಎರೆಯ ಹೊಲಗಳು ಭತ್ತದ ಗದ್ದೆಗಳಾದವು. ಒಂದು ಊರಿನ ಅಳಿವು ಮತ್ತೊಂದು ಊರಿನ ಅನ್ನವಾಯಿತು. ಯುರೋಪಿನ ಅವಶೇಷಸುನೀತಗಳಲ್ಲಿ ಅಳಿವಿನ ಮುಂದೆ ನಿಂತು ಮರುಗುವ ಪಥಿಕನಿದ್ದಾನೆ. ಅಳಿದ ನೆಲದಿಂದ ಎದ್ದುಹೋಗಿ ಬೇರೆಡೆ ಮನೆಕಟ್ಟಿಕೊಂಡವರ ಕಥೆಗೆ ಅಲ್ಲಿ ಎಡೆಯಿಲ್ಲ.

ಷೆಲ್ಲಿಯ ಪ್ರಸಿದ್ಧವಾದ ‘ಓಜಿಮಾಂಡಿಯಸ್’ 1818ರ ಜನವರಿಯಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಮರುಭೂಮಿಯಲ್ಲಿ ಒಡೆದುಬಿದ್ದ ವಿಗ್ರಹ, ಪೀಠದ ಮೇಲೆ ಅಹಂಕಾರದ ಲಿಪಿ, ಸುತ್ತಲೂ ಮರಳು. ಇದರ ವಿವರಣೆ ಯಾವ ಓದುಗನಿಗೂ ಬೇಕಾಗಿಲ್ಲ. ಹೆಚ್ಚು ಜನರಿಗೆ ತಿಳಿಯದ ಸಂಗತಿಯೆಂದರೆ, ಅವನ ಮಿತ್ರ ಹೊರೇಸ್ ಸ್ಮಿತ್ ಸ್ಪರ್ಧೆಗೆಂದು ಇದೇ ವಸ್ತುವಿನ ಮೇಲೆ ಬರೆದ ಸುನೀತವೂ ಮುಂದಿನ ತಿಂಗಳು ಅದೇ ಪತ್ರಿಕೆಯಲ್ಲಿ ಬಂದಿತು. ಕಾವ್ಯಗುಣದಲ್ಲಿ ಅದು ಷೆಲ್ಲಿಯದಕ್ಕೆ ಸಾಟಿಯಲ್ಲ. ಆದರೆ ಅದರ ಕೊನೆಯಲ್ಲಿ, ಮುಂದೊಂದು ಕಾಲದಲ್ಲಿ ಕಾಡುಬೆಳೆದ ಲಂಡನ್ನಿನ ಸ್ಥಳದಲ್ಲಿ ಬೇಟೆಗಾರನೊಬ್ಬ ಯಾವುದೋ ಅವಶೇಷವನ್ನು ಕಂಡು ಬೆರಗಾಗುವ ಕಲ್ಪನೆಯಿದೆ. ಷೆಲ್ಲಿ ಪರದೇಶದ ಅಳಿವನ್ನು ಕಂಡನು. ಸ್ಮಿತ್ ತನ್ನ ನಗರದ ಅಳಿವನ್ನೂ ಕಾಣಬಲ್ಲವನಾದನು.

ಆ ಸುನೀತಗಳು ಪ್ರಕಟವಾದಾಗ ಬಳ್ಳಾರಿ ಇಂಗ್ಲಿಷ್ ಕಂಪನಿಯ ಕೈಸೇರಿ ಹದಿನೆಂಟು ವರ್ಷಗಳಾಗಿದ್ದವು. ಹಂಡೆ ನಾಯಕರು ಕಟ್ಟಿಸಿದ ಮೇಲುಕೋಟೆ 18ನೆಯ ಶತಮಾನದಲ್ಲಿ ಹೈದರಾಲಿಯ ವಶವಾಯಿತು. ಟಿಪ್ಪುವಿನಿಂದ 1792ರಲ್ಲಿ ನಿಜಾಮನಿಗೂ, ನಿಜಾಮನಿಂದ 1800ರಲ್ಲಿ ಕಂಪನಿಗೂ ಹೋಯಿತು. ಥಾಮಸ್ ಮನ್ರೋ ಆ ಸೀಮೆಯ ಕಲೆಕ್ಟರನಾಗಿ ಬಂದನು. 1947ರಲ್ಲಿ ಬ್ರಿಟಿಷರ ಆಳ್ವಿಕೆಯೂ ಕೊನೆಗೊಂಡು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದಿತು. ಹೈದರನಿಗಾಗಿ ಕೋಟೆಯನ್ನು ಬಲಪಡಿಸಿದ ಫ್ರೆಂಚ್ ಎಂಜಿನಿಯರನು, ಪಕ್ಕದ ಕುಂಬಾರ ಗುಡ್ಡವೇ ಇದಕ್ಕಿಂತ ಎತ್ತರವೆಂಬುದನ್ನು ಲಕ್ಷಿಸದೆ ಹೋದ ತಪ್ಪಿಗಾಗಿ ಕೋಟೆಯ ಬಾಗಿಲಲ್ಲಿಯೇ ಗಲ್ಲಿಗೇರಿದನೆಂಬ ಐತಿಹ್ಯವು ಊರಿನಲ್ಲಿ ಪ್ರಚಲಿತವಾಗಿದೆ. ಓಜಿಮಾಂಡಿಯಸನ ಕಥೆಯಲ್ಲಿ ಗರ್ವಕ್ಕೆ ದಂಡನೆ ವಿಧಿಸುವುದು ಕಾಲ. ಬಳ್ಳಾರಿಯ ಕಥೆಯಲ್ಲಿ ಗರ್ವದ ತಪ್ಪಿಗೆ ದಂಡವನ್ನು ತೆತ್ತವನು ಕೆಲಸಗಾರ. ಷೆಲ್ಲಿಯ ಪದ್ಯದಲ್ಲಿಯೂ ಅರಸನ ಮುಖದ ತಿರಸ್ಕಾರವನ್ನು ಚೆನ್ನಾಗಿ ಅರಿತು ಕಡೆದ ಶಿಲ್ಪಿಯ ಮಾತು ಬರುತ್ತದೆಯೆಂಬುದನ್ನು ನಮ್ಮ ತರಗತಿಗಳಲ್ಲಿ ಒತ್ತಿ ಹೇಳುವುದಿಲ್ಲ. ಆ ಪದ್ಯದಲ್ಲಿ ಬಾಳಿದ್ದು ಅವನ ಕೈಕೆಲಸವೇ.

ಐದನೆಯ ಉತ್ತರ ಧರ್ಮದ್ದು. ಮೂವತ್ತು ವರ್ಷಗಳ ಯುದ್ಧದಲ್ಲಿ ಬೆಂದ ಜರ್ಮನ್ ನಾಡಿನ ಗ್ರೀಫಿಯಸ್, ಇಪ್ಪತ್ತು ತುಂಬಿದ ಹೊಸತರಲ್ಲಿ, 1637ರಲ್ಲಿ ಪ್ರಕಟಿಸಿದ ಸುನೀತಗಳಲ್ಲಿ, ಇಂದು ನಗರಗಳಿರುವ ಎಡೆಯಲ್ಲಿ ನಾಳೆ ಕುರಿಗಾಹಿಯ ಮಗು ಆಡುವ ಹುಲ್ಲುಗಾವಲನ್ನು ಕಂಡು, ನಿತ್ಯವಾದುದರತ್ತ ಯಾರೂ ದೃಷ್ಟಿಯಿಡುವುದಿಲ್ಲವೆಂದು ವ್ಯಥೆಪಟ್ಟನು. ಇಂಗ್ಲೆಂಡಿನ ಜಾನ್ ಡನ್, ಮರಣಾನಂತರ 1633ರಲ್ಲಿ ಅಚ್ಚಾದ ತನ್ನ ಪವಿತ್ರ ಸುನೀತಗಳಲ್ಲಿ, ಮೃತ್ಯುವನ್ನೇ ಎದುರು ನಿಲ್ಲಿಸಿಕೊಂಡು ಅದರ ಗರ್ವವನ್ನು ತರ್ಕದಿಂದ ಮುರಿದನು. ವಾದದ ವೀರಾವೇಶ ಎಷ್ಟೇ ಇರಲಿ, ಅಷ್ಟು ಕೂಗಿ ಹೇಳಬೇಕಾದ ಅವಶ್ಯಕತೆಯಲ್ಲಿಯೇ ಒಳಗಿನ ಅಂಜಿಕೆ ಕೇಳಿಸುತ್ತದೆ. 19ನೆಯ ಶತಮಾನದಲ್ಲಿ ಧ್ವನಿ ತಗ್ಗಿತು. ವರ್ಡ್ಸ್‌ವರ್ತ್ 1822ರಲ್ಲಿ ಪ್ರಕಟಿಸಿದ ‘ಮ್ಯುಟಬಿಲಿಟಿ’ ಎಂಬ ಸುನೀತದಲ್ಲಿ, ಕರಗುವಿಕೆಯು ಒಂದು ಸಂಗೀತದಂತೆ ಏರಿಳಿಯುವುದನ್ನು ಶಾಂತನಾಗಿ ಕೇಳಿದನು. ಕೀಟ್ಸ್ 1818ರಲ್ಲಿ, ಬರೆಯಬೇಕಾದುದನ್ನೆಲ್ಲ ಬರೆಯುವ ಮೊದಲೇ ಸಾಯುವೆನೆಂಬ ಭಯವನ್ನು ಹೇಳುತ್ತ, ಕೊನೆಯಲ್ಲಿ ಕೀರ್ತಿಯ ಆಸೆಯನ್ನೂ ಒಲವಿನ ಆಸೆಯನ್ನೂ ಬಿಟ್ಟು ನಿಂತನು. ಮೂರು ವರ್ಷಗಳಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ ತೀರಿಕೊಂಡನು. ಅಮರತ್ವವನ್ನು ಬೇಡದ ಆ ಪದ್ಯವು ಬೇಡಿದವುಗಳಷ್ಟೇ ದೃಢವಾಗಿ ಉಳಿದಿದೆ.

ಕನ್ನಡದ ಪರಂಪರೆಯಲ್ಲಿ ಅನಿತ್ಯಭಾವನೆಯು ಮೊದಲಿನಿಂದಲೂ ಕಾರ್ಯಪ್ರೇರಕವಾದುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ನಂದಿಸೇನಮುನಿಯ ನಿಸಿದಿ ಶಾಸನವು, ರೂಪವೂ ಸಿರಿಯೂ ಕಾಮನಬಿಲ್ಲು ಮಿಂಚು ಇಬ್ಬನಿ ಮುಂತಾದವುಗಳಂತೆ ಕ್ಷಣಿಕವೆಂದು ತಿಳಿದು ಆತನು ಸಂನ್ಯಸನವನ್ನು ಕೈಕೊಂಡುದನ್ನು ಒಂದೇ ಪದ್ಯದಲ್ಲಿ ಹೇಳುತ್ತದೆ. ಕಿರಿದರಲ್ಲಿ ಪಿರಿದನ್ನು ಅಡಗಿಸುವ ಈ ಕಲೆಗೆ ಸುನೀತದ ಹದಿನಾಲ್ಕು ಪಂಕ್ತಿಗಳೂ ಹೆಚ್ಚೆನಿಸಬಹುದು. ಪಂಪನು 941ರ ತನ್ನ ಆದಿಪುರಾಣದಲ್ಲಿ, ನರ್ತಿಸುತ್ತಿದ್ದ ನೀಲಾಂಜನೆ ಆಯುಸ್ಸು ತೀರಿ ಮಾಯವಾದಾಗ, ರಸಭಂಗವಾಗದಂತೆ ಇಂದ್ರನು ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿಲ್ಲಿಸಿದನೆಂದೂ, ಸಭೆಯಲ್ಲಿ ಆದಿದೇವನೊಬ್ಬನೇ ಅದನ್ನು ಅರಿತು ವಿರಕ್ತನಾದನೆಂದೂ ವರ್ಣಿಸುತ್ತಾನೆ. ರೋನ್ಸಾರನು ಚೆಲುವೆಯ ಮುಪ್ಪನ್ನು ಕಲ್ಪಿಸಿ ಭೋಗಕ್ಕೆ ಕರೆದ ಎಡೆಯಲ್ಲಿ, ಪಂಪನ ನಾಯಕನು ಚೆಲುವೆಯ ಅಳಿವನ್ನು ಕಂಡು ರಾಜ್ಯವನ್ನು ಬಿಡುತ್ತಾನೆ. ಚಾಳುಕ್ಯ ಚಕ್ರವರ್ತಿ ಮೊದಲನೆಯ ಸೋಮೇಶ್ವರನು ವಾಸಿಯಾಗದ ರೋಗಕ್ಕೀಡಾಗಿ 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಯನ್ನು ಹೊಕ್ಕು ದೇಹತ್ಯಾಗ ಮಾಡಿದುದೂ, ಅದನ್ನು ಬಿಲ್ಹಣನು ಕಾವ್ಯದಲ್ಲಿ ಹೇಳಿದುದೂ ಇದೇ ಮನೋಧರ್ಮಕ್ಕೆ ಸೇರಿದ ಸಂಗತಿಗಳು. ಸಿರುಗುಪ್ಪದತ್ತ ಹರಿದುಬರುವುದು ಆ ನೀರೇ.

ಇಂಥ ಪರಂಪರೆಯುಳ್ಳ ನುಡಿಗೆ ಸುನೀತವು 20ನೆಯ ಶತಮಾನದಲ್ಲಿ ಬಂದಿತು. ಬಂಗಾಳಿಯಲ್ಲಿ ಮೈಕೆಲ್ ಮಧುಸೂದನ ದತ್ತರ ಚತುರ್ದಶಪದಿಗಳು 1866ರಷ್ಟು ಹಿಂದೆಯೇ ಪುಸ್ತಕವಾಗಿದ್ದವು. ಕನ್ನಡದಲ್ಲಿ ಬಿ.ಎಂ.ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕರೂಪದಲ್ಲಿ ಬಂದು ಹೊಸ ಛಂದೋರೂಪಗಳಿಗೆ ದಾರಿಯನ್ನು ತೆರೆಯಿತು. ಅದೇ ವರ್ಷ ಬಳ್ಳಾರಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಲನಕ್ಕೆ, ವಚನಗಳನ್ನು ಓಲೆಗರಿಗಳಿಂದ ಎತ್ತಿ ಅಚ್ಚಿಗೆ ತಂದ ಫ.ಗು.ಹಳಕಟ್ಟಿಯವರು ಅಧ್ಯಕ್ಷರಾಗಿದ್ದರು. ಹೊಸತನ್ನು ಹೊರಗಿನಿಂದ ತರುವ ಕಾರ್ಯವೂ ಹಳತನ್ನು ಒಳಗಿನಿಂದ ಎತ್ತುವ ಕಾರ್ಯವೂ ಒಂದೇ ಗಳಿಗೆಯಲ್ಲಿ ನಡೆದುದರಿಂದ ನಮ್ಮ ಸುನೀತಕ್ಕೆ ಲಾಭವಾಯಿತು. ಮಾಸ್ತಿಯವರ ‘ಮಲಾರ’ದಲ್ಲಿಯೂ, 1946ರಲ್ಲಿ ಹೊರಬಂದ ಕುವೆಂಪು ಅವರ ‘ಕೃತ್ತಿಕೆ’ಯಲ್ಲಿಯೂ ಆ ರೂಪವು ನೆಲೆಗೊಂಡಿತು. ಇವರ ಸುನೀತಗಳಲ್ಲಿ ಕಾಲವನ್ನು ಶತ್ರುವೆಂದು ಬಗೆದು ಸೆಣಸುವ ಷೇಕ್ಸ್‌ಪಿಯರನ ರೀತಿ ಕಡಮೆ. ಗೃಹಜೀವನದ, ನಿಸರ್ಗದ, ಭಕ್ತಿಯ ಅನುಭವವೊಂದನ್ನು ನಿಧಾನವಾಗಿ ತಿರುಗಿಸಿ ನೋಡಿ ಒಪ್ಪಿಸಿಬಿಡುವ ರೀತಿ ಹೆಚ್ಚು. ಉದ್ವೇಗ ಸಾಲದೆಂದು ಇದನ್ನು ಆಕ್ಷೇಪಿಸುವವರುಂಟು. ಅದರಲ್ಲಿ ಸ್ವಲ್ಪ ಹುರುಳೂ ಇದೆ, ಏಕೆಂದರೆ ಉತ್ತರವು ಮೊದಲೇ ತಿಳಿದಿರುವಲ್ಲಿ ಪ್ರಶ್ನೆಯ ಮೊನೆ ಮಸುಳುವುದುಂಟು. ಆದರೆ ನೀಲಾಂಜನೆಯನ್ನು ಬಲ್ಲ ಸಾಹಿತ್ಯದಲ್ಲಿ ಕಾಲವು ಅನಿರೀಕ್ಷಿತ ಅತಿಥಿಯಾಗಿ ಬರಲು ಸಾಧ್ಯವೂ ಇಲ್ಲ. 1958ರಲ್ಲಿ ಸಮ್ಮೇಲನವು ಮತ್ತೆ ಬಳ್ಳಾರಿಯಲ್ಲಿ ನೆರೆದಾಗ ಅಧ್ಯಕ್ಷಪೀಠದಲ್ಲಿದ್ದವರು ಇಂಗ್ಲಿಷ್ ಕಾವ್ಯದಲ್ಲಿಯೂ ನವೋದಯದಲ್ಲಿಯೂ ಸಮಾನವಾಗಿ ನುರಿತ ವಿ.ಕೃ.ಗೋಕಾಕರು, 1926ರಲ್ಲಿ ಬೇರೆಬೇರೆಯಾಗಿ ಹರಿಯುತ್ತಿದ್ದ ಎರಡು ಧಾರೆಗಳು ಅಷ್ಟರಲ್ಲಿ ಕೂಡಿಕೊಂಡಿದ್ದವು.

ಬಳ್ಳಾರಿಯ ಪ್ರಸ್ತಾಪ ಬಂದಾಗ ನಟ ರಾಘವರನ್ನು ನೆನೆಯದೆ ಹೋಗಲಾಗದು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಅವರು ಕನ್ನಡ, ತೆಲುಗು, ಇಂಗ್ಲಿಷ್ ರಂಗಗಳಲ್ಲಿ ಅಭಿನಯಿಸಿದರು. ಷೇಕ್ಸ್‌ಪಿಯರನ ಪಾತ್ರಗಳನ್ನೂ ಆಡಿದರು. ಕಲೆಗಳಲ್ಲೆಲ್ಲ ಅತ್ಯಂತ ಅನಿತ್ಯವಾದುದು ಅಭಿನಯ. ಪರದೆ ಇಳಿದೊಡನೆ ಅದು ಮುಗಿಯಿತು. ಷೇಕ್ಸ್‌ಪಿಯರನೂ ವೃತ್ತಿಯಿಂದ ನಟನಾಗಿದ್ದನೆಂಬುದನ್ನು ಇಲ್ಲಿ ಮರೆಯಬಾರದು. ಸಂಜೆಯಿಂದ ಸಂಜೆಗೆ ಅಳಿಯುವ ಕಲೆಯಲ್ಲಿ ಬದುಕಿದವನು ಅಳಿಯದ ಪದ್ಯಕ್ಕಾಗಿ ಹಾತೊರೆದುದರಲ್ಲಿ ಆಶ್ಚರ್ಯವಿಲ್ಲ. ರಾಘವರ ಅಭಿನಯ ನೋಡಿದವರ ನೆನಪಿನಲ್ಲಷ್ಟೇ ಉಳಿಯಿತು. ಅವರ ಹೆಸರಿನ ಕಲಾಮಂದಿರದಲ್ಲಿ ಇಂದಿಗೂ ನಾಟಕಗಳು ನಡೆಯುತ್ತಿವೆ.

ಕಾಲವನ್ನು ಇನ್ನೂ ಹಿಂದಕ್ಕೆ ಸರಿಸಿ ನೋಡಿದರೆ ಅರಸುಗಳ ಕಥೆಯೇ ಅಲ್ಪವಾಗುತ್ತದೆ. ನಗರಕ್ಕೆ ಹೊಂದಿದ ಸಂಗನಕಲ್ಲಿನ ಗುಡ್ಡಗಳಲ್ಲಿ ಬಿ.ಸುಬ್ಬರಾವ್ ಅವರು 1940ರ ದಶಕದಲ್ಲಿಯೂ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ.ಎಸ್.ನಾಗರಾಜರಾವ್ ಅವರು 1960ರ ದಶಕದಲ್ಲಿಯೂ ಉತ್ಖನನ ನಡೆಸಿ, ನವಶಿಲಾಯುಗದ ವಸತಿಗಳನ್ನು ಬೆಳಕಿಗೆ ತಂದರು. ಕಲ್ಲಿನ ಕೊಡಲಿಗಳನ್ನು ಬಂಡೆಗೆ ಉಜ್ಜಿ ನುಣುಪುಮಾಡಿದ ಗುರುತುಗಳು ಮೂರು ನಾಲ್ಕು ಸಾವಿರ ವರ್ಷಗಳಾದರೂ ಆ ಬಂಡೆಗಳಲ್ಲಿ ಮಾಸಿಲ್ಲ. ಆ ಕಾಲದ ಜನ ತೀರಿಕೊಂಡ ಎಳೆಯ ಮಕ್ಕಳನ್ನು ಮಡಕೆಗಳಲ್ಲಿರಿಸಿ ತಮ್ಮ ವಸತಿಯ ನಡುವೆಯೇ ಹೂಳುತ್ತಿದ್ದರು. ಅವರು ಹೆಸರನ್ನು ಕೊರೆಯಲಿಲ್ಲ, ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆಯಲಿಲ್ಲ. ಅವರ ದುಡಿಮೆಯೂ ದುಃಖವೂ ಮಾತ್ರ ಗುರುತು ಬಿಟ್ಟಿವೆ.

ಇಷ್ಟನ್ನೂ ಒಟ್ಟಾಗಿ ಇಟ್ಟು ನೋಡಿದಾಗ ನಿರ್ಣಯವು ಕಷ್ಟವಾಗಿ ತೋರುವುದಿಲ್ಲ. ಸ್ಮರಣೆ, ಭೋಗ, ಕಾವ್ಯದ ಅಮರತ್ವ, ಅವಶೇಷದ ವಿಪರ್ಯಾಸ, ಧರ್ಮಶ್ರದ್ಧೆ ಎಂಬ ಐದು ಉತ್ತರಗಳಲ್ಲಿ ಅತ್ಯಂತ ಪ್ರಸಿದ್ಧವಾದ ಮೂರನೆಯದೇ ಅತ್ಯಂತ ದುರ್ಬಲವಾದುದು. ಅದು ಕೊಟ್ಟ ಮಾತನ್ನು ನಡೆಸಲಿಲ್ಲ. ಸುನೀತಗಳಲ್ಲಿ ಶ್ರೇಷ್ಠವಾದವು, ಅಳಿವನ್ನು ಗೆದ್ದೆವೆಂದು ಹೇಳದೆ ಅಳಿವಿನ ಅಳತೆಯನ್ನು ನಿಷ್ಠೆಯಿಂದ ತೆಗೆದುಕೊಂಡವು: ಷೇಕ್ಸ್‌ಪಿಯರನ ಅರುವತ್ತನಾಲ್ಕನೆಯದು, ಎಪ್ಪತ್ತಮೂರನೆಯದು, ಕೀಟ್ಸನ ಭಯದ ಸುನೀತ, ವರ್ಡ್ಸ್‌ವರ್ತನ ಶಾಂತವಾದ ಆಲಿಕೆ. ಈ ನಿಷ್ಠೆಗೆ ಕನ್ನಡದ ಪರಂಪರೆಯು ಸೇರಿಸಬಲ್ಲ ಮಾತೊಂದಿದೆ. ಅನಿತ್ಯತೆಯನ್ನು ಅರಿತವನು ಶೋಕಿಸುವುದಷ್ಟೇ ಸಾಲದು, ಬಿಡುವುದನ್ನೂ ಕೊಡುವುದನ್ನೂ ಕಲಿಯಬೇಕು ಎಂಬುದು ಆ ಮಾತು. ಆದುದರಿಂದ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಶಾಲೆ ಕಾಲೇಜುಗಳಲ್ಲಿ ಸಾಹಿತ್ಯವನ್ನು ಬೋಧಿಸುವವರಲ್ಲಿ ಒಂದು ಬಿನ್ನಹ: ಷೆಲ್ಲಿಯ ಸುನೀತವನ್ನು ಕಲಿಸುವ ವಾರದಲ್ಲಿಯೇ ವಿದ್ಯಾರ್ಥಿಗಳನ್ನು ಕೋಟೆಯ ಗುಡ್ಡಕ್ಕೆ ಕರೆದೊಯ್ಯಿರಿ, ಷೇಕ್ಸ್‌ಪಿಯರನ ಐವತ್ತೈದನೆಯದನ್ನು ಕಲಿಸುವಾಗ ಕುರುಗೋಡಿನ ಒಂದು ಶಾಸನವನ್ನೂ ಬಸವಣ್ಣನವರ ಒಂದು ವಚನವನ್ನೂ ಜೊತೆಗಿಟ್ಟು ಓದಿಸಿರಿ. ಪರನುಡಿಯ ಕಾವ್ಯ ಅದರಿಂದ ಸಣ್ಣದಾಗುವುದಿಲ್ಲ, ನಮ್ಮ ನೆಲದ ಕಾವ್ಯ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.